ಹಿಂಭಾರ

ಲಾರಿಯ ಹೊಟ್ಟೆಯಡಿ ಅಂಗಾತ ಮಲಗಿದ್ದ ಕೃಷ್ಣಯ್ಯ ಆಚಾರಿಗೆ ಅಲ್ಲಿ ಕಂಡದ್ದರಲ್ಲಿ ಒಂದೂ ಅರ್ಥವಾಗಲಿಲ್ಲ. ಅಡ್ಡ ಉದ್ದ ಹೋದ ಕಬ್ಬಿಣದ ದಂಡಗಳು, ಒಂದರ ಮೇಲೊಂದು ಕೂತ ಸ್ಪ್ರಿಂಗು ಪಟ್ಟಿಗಳು, ಎಣ್ಣೆ ಜಿನುಗುತ್ತಿದ್ದ ಒಂದು ಗುಂಡು. ಮರವಂತೆಯಿಂದ ಶಿರೂರಿನವರೆಗೆ ಅವನು ಕಟ್ಟಿದ ದೋಣಿ ಇಲ್ಲದ ಕಡಲ ದಂಡೆ ಇರಲಿಲ್ಲ. ಹಲಗೆಯನ್ನು ಬೆರಳಿನಿಂದ ತಟ್ಟಿ, ಇದು ಎಷ್ಟು ವರ್ಷ ಬಾಳೀತು ಎಂದು ಹೇಳಬಲ್ಲವನು. ಆದರೆ ಇಲ್ಲಿ ತಟ್ಟಲಿಕ್ಕೆ ಮರವೇ ಇರಲಿಲ್ಲ. ಸುತ್ತ ರಾಂಪಣಿಯ ಗಂಡಸರ ಕಾಲುಗಳು ಸಾಲಾಗಿ ನಿಂತು, ಆಚಾರ್ರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದವು. 'ನನಗೆ ಇದು ತಿಳಿಯದು' ಎಂದು ಹೇಳಿ ಎದ್ದು ಬರಬಹುದಿತ್ತು. ಆ ಮಾತು ಅವನ ನಾಲಗೆಗೆ ಅಭ್ಯಾಸವಿರಲಿಲ್ಲ.

ಹೊರಗೆ ಬಂದು ಬೆನ್ನಿಗಂಟಿದ ಕಡಲ ಹೊಯಿಗೆ ಕೊಡವಿಕೊಂಡು, ಮೀನು ತುಂಬುವ ಪೆಟ್ಟಿಗೆಯನ್ನು ಹಿಂದಕ್ಕೆ ಮೂರೂವರೆ ಅಡಿ ಉದ್ದ ಮಾಡುವ ಎಂದ. ಎಲ್ಲರೂ ತಲೆಯಾಡಿಸಿದರು. ಆಚಾರ್ರು ಅಡಿಯಿಂದ ನೋಡಿ ಹೇಳಿದ ಮೇಲೆ ಮುಗಿಯಿತು.

ರಾಂಪಣಿಯೆಂದರೆ ಊರೇ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ. ಮರವಂತೆಯ ಅರ್ಧ ಮನೆಗಳಿಗೆ ಅದರಲ್ಲಿ ಪಾಲಿತ್ತು. ಎತ್ತಿನ ಗಾಡಿಯಲ್ಲಿ ಕುಂದಾಪುರ ಮುಟ್ಟುವಷ್ಟರಲ್ಲಿ ಬಂಗುಡೆಯ ಕಣ್ಣು ಬಿಳುಚಿಕೊಂಡು, ಪೇಟೆಯವರು ಮೂಗು ಮುಚ್ಚಿ ಕ್ರಯ ಕೇಳುತ್ತಿದ್ದರು. ಅದಕ್ಕಾಗಿ ಯುದ್ಧ ಮುಗಿದು, ಸ್ವಾತಂತ್ರ್ಯವೂ ಬಂದ ಮರುವರ್ಷ ಪಾಲುದಾರರೆಲ್ಲ ಕೂಡಿ ಮಂಗಳೂರಿನಿಂದ ಹೊಸ ಗಾಡಿಯನ್ನೇ ತರಿಸಿದ್ದರು. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ತೆರೆದ ಪೆಟ್ಟಿಗೆ. ಮಾರಿದವರು ಪಿಕಪ್ ಎಂದರಂತೆ. ಊರಿಗೆ ಅದು ಲಾರಿ. ಬಂದ ವಾರದಲ್ಲೇ ಅದರ ಊನ ಗೊತ್ತಾಯಿತು. ಪೆಟ್ಟಿಗೆ ಸಣ್ಣದು, ಬಲೆ ದೊಡ್ಡದು. ಅರ್ಧ ಮೀನು ದಡದಲ್ಲೇ ಉಳಿಯುತ್ತಿತ್ತು.

ಲಾರಿ ಬಿಡುವವನು ಗೋವರ್ಧನ, ರಾಂಪಣಿಯನ್ನು ನಡೆಸುವ ಗುರಿಕಾರ ಸೂರ ಮರಕಾಲರ ಅಕ್ಕನ ಮಗ. ಹದಿನೆಂಟು ತುಂಬಿ ಮೀಸೆ ಆಗಷ್ಟೇ ಕಪ್ಪಾಗುತ್ತಿತ್ತು. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ, ಕುಂದಾಪುರದ ಒಂದು ಬಸ್ಸಿಗೆ ಇದ್ದಿಲು ತುಂಬಲಿಕ್ಕೆ ಸೇರಿದವನು, ಮೈಯೆಲ್ಲ ಮಸಿ ಮಾಡಿಕೊಂಡು ಸ್ಟೇರಿಂಗಿನವರೆಗೆ ಕಲಿತು ಲೈಸೆನ್ಸು ಹಿಡಿದುಕೊಂಡು ಬಂದಿದ್ದ. ಕಡಲಿಗೆ ಹೋಗದೆ ಬದುಕುವ ದಾರಿ ಕಂಡುಕೊಂಡ ಮೊದಲನೆಯವನು ಆ ಮನೆಯಲ್ಲಿ ಅವನೇ. ಮಾವನಿಗೆ ಅದರ ಹೆಮ್ಮೆ ಇತ್ತು, ಹೊರಗೆ ತೋರಿಸುತ್ತಿರಲಿಲ್ಲ.

ಮರುದಿನ ಹುಡುಗ ಆಚಾರಿಯ ಕೊಟ್ಟಿಗೆಗೆ ಒಬ್ಬನೇ ಬಂದ. ಬಾಗಿಲ ಹತ್ತಿರ ಆಚಾರಿಯ ಹೆಂಡತಿ ಅಮ್ಮಣಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಆಚಾರಿ ಹೊನ್ನೆ ಮರದ ಹಲಗೆಗೆ ಉಳಿ ಹಾಕುತ್ತಿದ್ದ. ಹುಡುಗ ಸ್ವಲ್ಪ ಹೊತ್ತು ಚಕ್ಕೆ ಹೆಕ್ಕುತ್ತ ನಿಂತು, ಆಮೇಲೆ, ಉದ್ದ ಮಾಡುವ ಬದಲು ಬದಿಯ ಹಲಗೆಗಳನ್ನೇ ಒಂದು ಮೊಳ ಎತ್ತರ ಮಾಡಿದರೆ ಆಗದೇ ಎಂದು ಕೇಳಿದ. ಆಗದು ಎಂದ ಆಚಾರಿ. ಯಾಕೆಂದು ಹೇಳಲಿಲ್ಲ.

"ನಂಗೊಂದ್ ಸಂಶಯ ಆಚಾರ್ರೆ," ಎಂದ ಹುಡುಗ. "ಹಿಂದಿನ್ ಚಕ್ರ ದಾಟಿ ಇಷ್ಟ್ ಆಚೆ ಹೋರೆ, ಭಾರ ಎಲ್ಲ ಹಿಂದ್ ಬಿದ್ದ್ ಎದ್ರ್ ಚಕ್ರ ಹಗುರ ಆತಿಲ್ಯಾ?"

"ಆಯ್ಕ್ ಮಗಾ, ಅದಕ್ಕೇ ಮಾಡುದ್. ದೋಣಿ ತೆರೆ ಹತ್ತೂಕೆ ಮೂತಿ ಹಗುರ ಇರ್ಕ್, ಭಾರ ಹಿಂದ್ ಕೂಕಣ್ಕ್. ನಿನ್ನ್ ಲಾರಿ ಏರ್ ಹತ್ತೂಕೂ ಅಷ್ಟೇ."

"ದೋಣಿ ತಿರ್ಗ್ಸುದ್ ಹಿಂದ್ ಕೂಕಂಡ್. ಇದ್ರಾಗೆ ತಿರ್ಗುದ್ ಎದ್ರ್ ಚಕ್ರ ಅಲ್ದಾ?"

ಉಳಿ ಅರೆಗಳಿಗೆ ನಿಂತಿತು. ಮಾತು ಸರಿ ಇರಬಹುದು ಎಂದು ಆಚಾರಿಗೆ ಅನಿಸಿದ್ದು ಆಗಲೇ. ಹಾಗೆ ಅನಿಸಿದ್ದಕ್ಕೇ ಸಿಟ್ಟು ಬಂತು. ಇಷ್ಟು ವರ್ಷ ಊರವರು 'ಆಚಾರ್ರು ಹೇಳಿದ್ರೆ ಸೈ' ಎನ್ನುತ್ತಿದ್ದದ್ದು ಒಬ್ಬ ಮೀಸೆ ಬಾರದ ಹುಡುಗನ ಮುಂದೆ ಬಿದ್ದುಹೋಗುವುದೆಂದರೇನು?

"ನಿನ್ನ್ ಅಜ್ಜ ಸಾಯುವರಿಗೆ ಮೀನ್ ಹಿಡ್ದದ್ದ್ ನಾನ್ ಕಟ್ಟಿದ್ ದೋಣಿಯಾಗೆ," ಎಂದ. "ಅವ್ರ್ ಒಂದ್ ದಿನ ಹೀಂಗೆ ಕೇಂಡವ್ರಲ್ಲ. ಆ ಹಲ್ಗಿ ಕೊಡಿ ಹಿಡ್ಕ."

ಹುಡುಗನ ಕಿವಿ ಕೆಂಪಾಯಿತು. ಹಲಗೆಯ ತುದಿ ಹಿಡಿದುಕೊಂಡ. ಅವನು ಹೋದ ಮೇಲೆ ಅಮ್ಮಣಿ ಮೊರದಿಂದ ತಲೆಯೆತ್ತದೆಯೇ, ಹುಡುಗ ಕೇಳಿದ್ದಕ್ಕೆ ನೀವು ಉತ್ತರ ಕೊಡಲೇ ಇಲ್ಲ ಎಂದಳು. ಅಕ್ಕಿಯಲ್ಲಿರುವ ಕಲ್ಲು ನೋಡು, ನನ್ನ ಕೆಲಸದಲ್ಲಿರುವುದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಗದರಿದ ಆಚಾರಿ.

ಪೆಟ್ಟಿಗೆ ತಯಾರಾದ ದಿನ ಲಾರಿಗೆ ದೋಣಿಯ ಮರ್ಯಾದೆಯೇ ನಡೆಯಿತು. ಹೊಸ ದೋಣಿ ನೀರಿಗಿಳಿಯುವ ಮೊದಲು ಕಟ್ಟಿದ ಆಚಾರಿಯೇ ಕಡೆಯ ಮೊಳೆ ಹೊಡೆದು, ವೀಳ್ಯ ಪಡೆದು, 'ಇನ್ನು ಇದು ನಿಮ್ಮದು' ಎಂದು ಒಪ್ಪಿಸಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಹಾಗೇ ಮಾಡಿದರು. ತೆಂಗಿನಕಾಯಿ ಒಡೆದರು. ಇಂಜಿನಿದ್ದ ಗಾಡಿಯನ್ನು ಗಂಡಸರೆಲ್ಲ ಸೇರಿ ಹೋ ಎಂದು ದೂಡಿ ರಸ್ತೆಗೆ ತಂದರು. ಒಳಗೆ ಕೂತ ಗೋವರ್ಧನನಿಗೂ ನಗು ತಡೆಯಲಾಗಲಿಲ್ಲ.

ಲಾರಿ ಓಡಿತು. ಕಡಲು ಒಂದು ಬದಿ, ಹೊಳೆ ಇನ್ನೊಂದು ಬದಿ, ನಡುವಿನ ರಸ್ತೆ ಅಂಗೈಯ ಹಾಗೆ ಸಪಾಟು. ಅಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ದಡದಲ್ಲಿ ಮೀನು ಉಳಿಯುವುದು ನಿಂತಿತು. ಜನ ಅದನ್ನು 'ಆಚಾರ್ರ ಲಾರಿ' ಎಂದೇ ಕರೆಯತೊಡಗಿದರು. ಸಂಜೆ ಅದು ವಾಪಸು ಬರುವ ಹೊತ್ತಿಗೆ ಆಚಾರಿಗೆ ರಸ್ತೆಯ ಬದಿ ಏನಾದರೊಂದು ಕೆಲಸ ಬೀಳುತ್ತಿತ್ತು. ಒಂದು ದಿನ ಹುಡುಗ ಗಾಡಿ ನಿಲ್ಲಿಸಿ ಇಳಿದು, ತುಂಬಿದಾಗ ಸ್ಟೇರಿಂಗು ಕೈಗೆ ಸಿಗುವುದಿಲ್ಲ, ಮುಂದಿನ ಚಕ್ರ ತೇಲಿದ ಹಾಗಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಸುತ್ತ ನಾಲ್ಕು ಜನರಿದ್ದರು. ಆಚಾರಿ ಅವರ ಕಡೆ ತಿರುಗಿ, "ಕುಣೂಕೆ ಬರ್ದಿದ್ದವ್ಳ್ ಅಂಗ್ಳ ಡೊಂಕ್ ಅಂದ್ಳಂಬ್ರ್," ಎಂದ. ಎಲ್ಲರೂ ನಕ್ಕರು. ಆ ಗಾದೆ ಹುಡುಗನಿಗೆ ಅಂಟಿಕೊಂಡುಬಿಟ್ಟಿತು. ಅವನು ಗಾಡಿ ಹತ್ತುವಾಗ ಹೆಂಗಸರೂ 'ಅಂಗಳ ಸಮ ಇತ್ತಾ?' ಎಂದು ಕೇಳುವಂತಾಯಿತು. ಮತ್ತೆ ಅವನು ಆಚಾರಿಯ ಹತ್ತಿರ ಲಾರಿಯ ವಿಷಯ ಎತ್ತಲಿಲ್ಲ.

ಕುಂದಾಪುರಕ್ಕೆ ಮೊದಲು ದೊಡ್ಡ ಹೊಳೆಯಿದೆ, ಸೇತುವೆ ಇಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲಿನ ಮೇಲೆ ಗಾಡಿಗಳು ದಾಟಬೇಕು. ನೀರೇರುವ ಭರತದ ಹೊತ್ತಿನಲ್ಲಿ ಜಂಗಲು ದಡಕ್ಕೆ ಸಮನಾಗಿ ನಿಲ್ಲುತ್ತದೆ. ಇಳಿತದಲ್ಲಿ ಅದು ಕೆಳಗೆ ಬಿದ್ದು, ದಡಕ್ಕೆ ಹತ್ತುವ ಹಲಗೆ ಏಣಿಯಷ್ಟು ಕಡಿದಾಗುತ್ತದೆ. ಅಷ್ಟು ದಿನ ಲಾರಿ ದಾಟಿದ್ದು ಭರತದಲ್ಲೇ. ಒಂದು ದಿನ ಭಾರೀ ಮೀನು ಬಿದ್ದಿತ್ತು, ಜಂಗಲು ಆಚೆ ದಡ ಮುಟ್ಟುವಾಗ ನೀರು ಪೂರಾ ಇಳಿದಿತ್ತು. ಗೋವರ್ಧನ ಭರತ ಬರಲಿ, ಕಾಯುವ ಎಂದನಂತೆ. ಬುಟ್ಟಿಗಳ ಜೊತೆ ಹಿಂದೆ ಕೂತಿದ್ದ ಮೀನಿನ ವನಜ, ಅಂಗಳ ಡೊಂಕಾಯಿತೋ ಎಂದಳಂತೆ. ಹುಡುಗ ಗಾಡಿಯನ್ನು ದಡದ ಹಲಗೆಗೆ ಹತ್ತಿಸಿದ.

ಸುದ್ದಿ ಕೇಳಿ ಆಚಾರಿ ಬೇರೆಯವರೊಂದಿಗೆ ದೋಣಿಯಲ್ಲಿ ಜಂಗಲಿನ ಕಡವಿಗೆ ಹೋದ. ಅರ್ಧ ಹಲಗೆ ಹತ್ತಿದ್ದಾಗ ಮುಂದಿನ ಚಕ್ರಗಳೆರಡೂ ಮೇಲೆದ್ದು, ಗಾಡಿ ಹಿಂದಕ್ಕೆ ಜಾರಿ, ಅಡ್ಡ ತಿರುಗಿ ಹೊಳೆಗೆ ಬಿದ್ದಿತ್ತು. ವನಜಳ ಕೈ ಮುರಿದಿತ್ತು. ಗೂಡಿನಲ್ಲಿ ಸಿಕ್ಕಿಕೊಂಡ ಹುಡುಗನನ್ನು ಜಂಗಲಿನವರು ಎಳೆದು ತೆಗೆದಿದ್ದರು. ಅವನ ಎಡದ ತೋಳು ಜಜ್ಜಿಹೋಗಿತ್ತು. ಬಂಗುಡೆಗಳು ಹೊಳೆಯಗಲ ತೇಲುತ್ತಿದ್ದವು. ಆಚಾರಿ ಕಟ್ಟಿದ ಹಿಂಭಾಗ ಪೂರ್ತಿ ನೀರಿನಲ್ಲಿತ್ತು, ಲಾರಿಯ ಮೂತಿ ಆಕಾಶ ನೋಡುತ್ತಿತ್ತು. ದೊಡ್ಡ ತೆರೆಯನ್ನು ಹತ್ತುವ ದೋಣಿ ಹೀಗೆಯೇ ನಿಲ್ಲಬೇಕು. ಸುತ್ತ ಇದ್ದವರೆಲ್ಲ ಲಾರಿ ನೋಡುತ್ತಿದ್ದರು, ಆಚಾರಿಯನ್ನು ಯಾರೂ ನೋಡುತ್ತಿರಲಿಲ್ಲ. ತಪ್ಪು ಇವನದೆಂದು ಯಾರಿಗೂ ಹೊಳೆದಿರಲಿಲ್ಲ. ಆ ನಾಚಿಕೆ ಅವನಿಗೆ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಗುರಿಕಾರರ ಅಂಗಳದಲ್ಲಿ ಪಾಲುದಾರರೆಲ್ಲ ಸೇರಿದರು. ಹೊರಡುವಾಗ ಅಮ್ಮಣಿ ಬಾಗಿಲಿಗೆ ಬಂದು ನಿಂತಿದ್ದಳು. "ಇವತ್ತಾರೂ ಹೇಳಿ," ಎಂದಿದ್ದಳು, ಅಷ್ಟೇ. ಆಚಾರಿಗೆ ಎಂದಿನಂತೆ ಜಗಲಿಯ ಮೇಲೆ ಚಾಪೆ ಹಾಕಿದರು. ಹುಡುಗ ತೋಳಿಗೆ ಬಟ್ಟೆ ಕಟ್ಟಿಕೊಂಡು ಅಂಗಳದ ನಡುವೆ ನಿಂತಿದ್ದ. ಏನಾಯಿತೆಂದು ಮಾವ ಕೇಳಿದರು. ಆಚಾರಿ ಚಾಪೆಯ ತುದಿಗೆ ಸರಿದ. ಈಗ ಇವನು ಹೇಳುತ್ತಾನೆ, ಹೇಳಲಿ, ಹೇಳಿದರೆ ನಾನು ಹೌದು ಎನ್ನುತ್ತೇನೆ ಎಂದುಕೊಂಡ.

"ನಾನ್ ಕ್ಲಚ್ ಬಿಟ್ಟದ್ದ್ ಜೋರಾಯ್ತ್ ಮಾವ," ಎಂದ ಗೋವರ್ಧನ. "ನನ್ನ್ ತಪ್ಪೇ."

ಅವನು ಜಗಲಿಯ ಕಡೆ ಕಣ್ಣು ಸಹ ಎತ್ತಲಿಲ್ಲ. ಹಿರಿಯರ ಮೇಲೆ ಹೇಳಬಾರದೆಂದೋ, ಹೇಳಿ ಮತ್ತೊಮ್ಮೆ ನಗಿಸಿಕೊಳ್ಳುವುದು ಬೇಡವೆಂದೋ. ಯಾರೋ ಅಂಗಳದ ಗಾದೆ ಎತ್ತಿದರು. ಈ ಸಲ ಯಾರಿಗೂ ನಗು ಬರಲಿಲ್ಲ. ಲಾರಿ ರಿಪೇರಿಯಾದ ಮೇಲೆ ಬ್ರಹ್ಮಾವರದಿಂದ ಬೇರೆ ಡ್ರೈವರನನ್ನು ತರುವುದೆಂದೂ, ಇವನು ತೋಳು ವಾಸಿಯಾದರೆ ರಾಂಪಣಿಯ ಹಗ್ಗ ಎಳೆಯಲಿಕ್ಕೆ ಸೇರುವುದೆಂದೂ, ಇನ್ನು ಊರಿನ ಗಾಡಿಗೆ ಕೈ ಹಚ್ಚಬಾರದೆಂದೂ ತೀರ್ಮಾನವಾಗುತ್ತ ಬಂತು. ಸೋದರಳಿಯನೆಂದು ದಾಕ್ಷಿಣ್ಯ ಮಾಡಿದರೆಂಬ ಮಾತು ಬರಬಾರದೆಂದು ಸೂರ ಮರಕಾಲರೇ ಎಲ್ಲರಿಗಿಂತ ಬಿಗಿಯಾಗಿ ಮಾತಾಡಿದರು. ಹುಡುಗ ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಹಗ್ಗ ಎಂದಾಗ ಮಾತ್ರ ಅವನ ಕೆಳತುಟಿ ಅಲುಗಿದ್ದನ್ನು ಆಚಾರಿ ಕಂಡ.

ಎದ್ದು ನಿಂತ. ಜಗಲಿಯಿಂದ ಅಂಗಳದ ಹೊಯಿಗೆಗೆ ಇಳಿದ.

"ತಪ್ಪ್ ಅವಂದಲ್ಲ," ಎಂದ. "ನಂದ್. ಹಿಂದ್ ಉದ್ದ ಮಾಡಿದ್ದ್ ನಾನ್. ಅದೇ ಭಾರಕ್ಕ್ ಮೂತಿ ಎದ್ದದ್ದ್."

ಕೃಷ್ಣಯ್ಯ ಆಚಾರಿ ತನ್ನ ಬದುಕಿನಲ್ಲಿ ಮೊದಲ ಬಾರಿ ಬೈಗುಳಕ್ಕೆ ಹಾತೊರೆದು ನಿಂತ. ಯಾರಾದರೂ ಎದ್ದು ಛೀ ಎಂದಿದ್ದರೆ ಎದೆ ಹಗುರವಾಗುತ್ತಿತ್ತು. ಸೂರ ಮರಕಾಲರು ಜಗಲಿಯ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಕಂಡ್ರ್ಯಾ," ಎಂದರು ಎಲ್ಲರಿಗೂ ಕೇಳುವಂತೆ. "ಇದಕ್ಕ್ ದೊಡ್ಡೋರ್ ಅಂಬುದ್. ನಮ್ಮನಿ ಹುಡ್ಗನ ಮಾನ ಉಳ್ಸೂಕೆ ಅವ್ರ್ ಅವನ್ ತಪ್ಪ್ ತಮ್ಮ್ ತಲಿಗ್ ಹಾಕಂತಾ ಇದ್ರ್. ಆಚಾರ್ರೆ, ನಿಮ್ಮ್ ದೋಣಿ ಇವತ್ತಿನ್ವರಿಗೆ ಒಂದೂ ಮೊಗ್ಚಿದ್ದಿಲ್ಲ. ನಮ್ಗ್ ಗೊತ್ತಿಲ್ಯಾ?"

ಹೌದೆಂದು ಎಲ್ಲರೂ ಗೊಣಗಿದರು. ಒಬ್ಬ ಮುದುಕ ಕೈ ಮುಗಿದ. ಅಲ್ಲ, ಹಾಗಲ್ಲ ಎಂದು ಆಚಾರಿ ತೊದಲಿದಷ್ಟೂ ಅವರ ಗೌರವ ಹೆಚ್ಚುತ್ತ ಹೋಯಿತು. ಹುಡುಗನ ತಪ್ಪು ಇನ್ನಷ್ಟು ದೊಡ್ಡದಾಯಿತು. ಇಂಥವರನ್ನು ಈ ಸ್ಥಿತಿಗೆ ತಂದನಲ್ಲ ಎಂದು ಜನ ಅವನನ್ನೇ ನೋಡತೊಡಗಿದರು. ಹೇಳಲಿಕ್ಕೆ ಇನ್ನೊಂದೇ ಮಾತು ಉಳಿದಿತ್ತು. ಇವನು ಮೊದಲೇ ಹೇಳಿದ್ದ, ನನಗೆ ತಿಳಿದೂ ತಿಳಿದೂ ಬಾಯಿ ಮುಚ್ಚಿಸಿದೆ ಎಂಬ ಮಾತು. ಅದನ್ನು ಹೇಳಲಿಕ್ಕೆ ಅವನು ಬಾಯಿ ತೆರೆದ.

"ಆಚಾರ್ರ ಕಾಲಿಗ್ ಬೀಳ್," ಎಂದರು ಗುರಿಕಾರರು ಅಳಿಯನಿಗೆ.

ಗೋವರ್ಧನ ಬಂದ. ಜಜ್ಜಿದ ತೋಳನ್ನು ಎದೆಗೊತ್ತಿಕೊಂಡು, ಒಂದು ಕೈಯನ್ನು ನೆಲಕ್ಕೆ ಊರಿ, ಕಷ್ಟಪಟ್ಟು ಬಗ್ಗಿದ. ಹಣೆ ಆಚಾರಿಯ ಪಾದಕ್ಕೆ ತಾಗಿತು. ಅಲ್ಲಿಂದಲೇ, ಇನ್ನೊಬ್ಬರಿಗೆ ಕೇಳದ ಹಾಗೆ ಹೇಳಿದ.

"ಸಾಕ್ ಆಚಾರ್ರೆ. ಇನ್ನ್ ಹೇಳಿರೂ ಯಾರೂ ನಂಬೂದಿಲ್ಲ."

ಕೃಷ್ಣಯ್ಯ ಆಚಾರಿಗೆ ಆ ಕ್ಷಣ ಆದದ್ದು ಸಮಾಧಾನ. ಇನ್ನು ಹೇಳಬೇಕಾಗಿಲ್ಲ ಎಂಬ ಸಮಾಧಾನ. ಅದು ತನ್ನ ಮೈಯಲ್ಲಿ ಬೆಚ್ಚಗೆ ಇಳಿಯುವುದನ್ನು ಅವನೇ ಕಂಡ, ಕಂಡು ಹೇಸಿದ. ಕಡವಿನಲ್ಲಿ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಕಾಲಿಗೆ ಬಿದ್ದವನು ಹಿರಿಯರು ತಲೆ ಮುಟ್ಟದೆ ಏಳುವ ಹಾಗಿಲ್ಲ. ಎಲ್ಲರೂ ಕಾದರು. ಆಚಾರಿಯ ಕೈ ಸೊಂಟದವರೆಗೆ ಎದ್ದು ಅಲ್ಲೇ ನಿಂತಿತ್ತು, ಮುಂದೆ ಹೋಗಲಿಲ್ಲ. ಮನಸ್ಸು ತುಂಬಿ ಬಂದಿದೆ ಪಾಪ ಎಂದು ಯಾರೋ ಪಿಸುಗುಟ್ಟಿದರು. ಕೆಳಗೆ ಹುಡುಗ ಮೈಯ ಭಾರವನ್ನೆಲ್ಲ ಆ ಒಂದೇ ಅಂಗೈಯ ಮೇಲೆ ಹೊತ್ತು ಬಗ್ಗಿಯೇ ಇದ್ದ. ಹೊಯಿಗೆಯಲ್ಲಿ ಊರಿದ ಬೆರಳುಗಳು ಮೆಲ್ಲಗೆ ಹೂತುಹೋಗತೊಡಗಿದವು.