ಒಂದು ಮೊಳ ಕೆಳಗೆ

"ಎಡಕ್ಕ... ಇನ್ನೊಂಚೂರು ಎಡಕ್ಕ. ಹಾಂ, ಸಾಕ್ರಿ!" ಎಂದಳು ಅಫ್ರೀನ. ಆದರೆ ಅವಳ ಕಣ್ಣು ಸ್ಟೂಲಿನ ಮೇಲೆ ನಿಂತ ಗಂಡನ ಮೇಲಾಗಲಿ, ಅವನು ತೂಗುಹಾಕುತ್ತಿದ್ದ ಚಿತ್ರದ ಮೇಲಾಗಲಿ ಇರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಮುಖದ ಮೇಲಿತ್ತು.

ಜಾವೀದ ಕೆಳಗಿಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಕಪ್ಪು ಚೌಕಟ್ಟಿನೊಳಗೆ, ಗಾಜಿನ ಹಿಂದೆ, ಕಡುನೀಲಿಯ ಮೇಲೆ ತೊಗರಿ ಹೂವಿನ ಹಳದಿ ಚೆಲ್ಲಿತ್ತು. ಅದರ ಮೇಲೆ ಯಾರೋ ಅವಸರದಲ್ಲಿ ಎಳೆದಂಥ ದಪ್ಪ ಕಪ್ಪು ಗೀಟುಗಳು. ಮೇಲೊಂದು ಕಡೆ ಕೆಂಪು.

"ನಮ್ಮ ಗ್ಯಾರೇಜಿನ್ಯಾಗ ಕೈ ಒರಸೋ ಅರಿವಿ ಥೇಟ್ ಹಿಂಗ ಇರ್ತದ ನೋಡು. ಇದಕ್ಕ ಗಾಜು ಬ್ಯಾರೆ ಹಾಕ್ಯಾರ!"

"ಹಂಗಾರ ಒಂದು ತಂದು ತೂಗಹಾಕ್ರಿ."

"ತಂದ್ರ ಅಮ್ಮಿ ನೆಲ ಒರಸ್ತಾಳ."

ಅಫ್ರೀನ ನಗಲಿಲ್ಲ. ಜೇವರ್ಗಿಯ ಈ ಎರಡು ಕೋಣೆಯ ಮನೆಗೆ ಅವಳು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮಂಚ, ಅಲಮಾರು, ಪರದೆ, ಕಪ್ಪು-ಬಸಿ ಎಲ್ಲವೂ ಮೊದಲೇ ಇದ್ದವು. ತಾನೇ ಆರಿಸಿ ತಂದದ್ದೆಂದರೆ ಇದೊಂದೇ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಹದಿನೈದು ದಿನ ಮೊಬೈಲಿನಲ್ಲಿ ಹುಡುಕಿದ್ದಳು. ನಮಾಜು ಮಾಡುವ ಜಾಗದಲ್ಲಿ ಜೀವ ಇರುವ ಯಾವುದರ ಚಿತ್ರವೂ ಇರಬಾರದೆಂಬುದು ಅತ್ತೆ ಶರೀಫಾಬಿಯವರ ಕಟ್ಟುನಿಟ್ಟು. ಮದುವೆಯ ಫೋಟೋ ಕೂಡ ಅಲಮಾರಿನೊಳಗೇ ಇತ್ತು. ಹಾಗಾಗಿ ಅಫ್ರೀನ ಪ್ರತಿಯೊಂದನ್ನೂ ದೊಡ್ಡದು ಮಾಡಿ, ಕಣ್ಣಿಲ್ಲ, ರೆಕ್ಕೆಯಿಲ್ಲ, ಕಾಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಇದನ್ನು ತರಿಸಿದ್ದಳು. ಆದರೆ ಖಾಲಿ ಇದ್ದದ್ದು ಪಶ್ಚಿಮದ ಗೋಡೆ ಮಾತ್ರ. ಉಳಿದ ಮೂರನ್ನು ಬಾಗಿಲು, ಕಿಟಕಿ, ಅಲಮಾರು ಹಂಚಿಕೊಂಡಿದ್ದವು. ಶರೀಫಾಬಿ ದಿನಕ್ಕೆ ಐದು ಸಲ ಮುಖ ಮಾಡುತ್ತಿದ್ದದ್ದು ಅದೇ ಗೋಡೆಗೆ.

"ಅಮ್ಮಿ, ನೀವ ನೋಡಿ ಹೇಳ್ರಿ. ಮಾರಿ, ಕಣ್ಣು ಏನರೆ ಕಂಡಂಗ ಆಗ್ತದೇನ್ರಿ? ಆದ್ರ ಈಗಂದ್ರ ಈಗ ತೆಗೀತೇನಿ. ನನಗೇನ್ ಬ್ಯಾಸರಿಲ್ಲ."

ಕೊನೆಯ ಮಾತಿಗೆ ಬರುವಾಗ ಅವಳ ದನಿ ಸಣ್ಣಗಾಯಿತು. ಶರೀಫಾಬಿ ಚಿತ್ರವನ್ನು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು, ಚಿತ್ರಕ್ಕಿಂತ ಹೆಚ್ಚು ಹೊತ್ತು.

"ಪೊರಿ ಬಂದ ಕಣ್ಣು, ನನಗೇನ್ ಕಾಣ್ತದ ಬೇಟಾ? ಬಣ್ಣ ಅದಾವ. ಛಂದ ಅದಾವ. ಇರಲಿ ಬಿಡು."

ಅಫ್ರೀನಳಿಗೆ ಸಮಾಧಾನವಾಗಲಿಲ್ಲ. ಮರುದಿನದಿಂದ ಅವಳು ಗಮನಿಸತೊಡಗಿದಳು. ಬೆಳಗಿನ ನಮಾಜಿಗೆ ಅತ್ತೆ ದೀಪ ಹಾಕುತ್ತಿರಲಿಲ್ಲ. ಸಂಜೆಯ ಚಾಪೆ ಅಂಗಳಕ್ಕೆ ಹೋಗಿತ್ತು. "ಒಳಗ ಧಗಿ ಬೇಟಾ," ಎನ್ನುತ್ತಿದ್ದರು. ಜನವರಿಯಲ್ಲಿ ಎಂಥ ಧಗೆ? ಕೇಳಬೇಕೆಂದು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಬೇರೇನನ್ನೋ ಕೇಳಿದಳು. ಕೇಳಿದರೆ ಉತ್ತರ ಸಿಕ್ಕೀತೆಂಬುದೇ ಅವಳ ಭಯವಾಗಿತ್ತು.

ಆ ಶನಿವಾರ ಕಾಲೇಜು ಬೇಗ ಬಿಟ್ಟಿತು. ಅವಳು ಮನೆ ತಲುಪುವಾಗ ಮಧ್ಯಾಹ್ನದ ಅಜಾನ್ ಮುಗಿದಿತ್ತು. ಚಪ್ಪಲಿ ಬಿಡಲು ಬಗ್ಗಿದವಳು ಕಿಟಕಿಯ ಸಂದಿನಲ್ಲಿ ಕಂಡದ್ದಕ್ಕೆ ಹಾಗೇ ನಿಂತಳು.

ಶರೀಫಾಬಿ ಸ್ಟೂಲಿನ ಮೇಲೆ ನಿಂತಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಇಬ್ಬರ ಕೈ ಬೇಕಾಗುವ ಅತ್ತೆ! ಹಳೆಯ ಬಿಳಿ ಓಢಣಿಯೊಂದನ್ನು ಚೌಕಟ್ಟಿನ ಹಿಂದೆ ಸಿಕ್ಕಿಸಿ, ಚಿತ್ರ ಪೂರ್ತಿ ಮುಚ್ಚುವಂತೆ ಇಳಿಬಿಟ್ಟರು. ಗೋಡೆ ಹಿಡಿದು, ಮೊಣಕಾಲು ಒತ್ತಿಕೊಂಡು ಇಳಿದರು. ಚಾಪೆ ಹಾಸಿದರು. ನಮಾಜು ಮುಗಿದ ಮೇಲೆ ಮತ್ತೆ ಹತ್ತಿದರು. ಓಢಣಿ ತೆಗೆದು, ಅದರ ಅಂಚಿನಿಂದಲೇ ಗಾಜನ್ನು ಒರೆಸಿದರು. ಸ್ಟೂಲನ್ನು ಅಡುಗೆಮನೆಗೆ ಒಯ್ದಿಟ್ಟರು.

ಅಫ್ರೀನ ಸದ್ದಿಲ್ಲದೆ ರಸ್ತೆಗೆ ಬಂದಳು. ಸ್ವಲ್ಪ ಹೊತ್ತು ನಿಂತು, ಗೇಟಿನ ಚಿಲಕವನ್ನು ಬೇಕೆಂದೇ ಎರಡು ಸಲ ಬಡಿದು ಒಳಗೆ ಬಂದಳು.

"ಇಷ್ಟ ಲಗೂ ಬಂದಿ?"

"ಕ್ಲಾಸ್ ಇರಲಿಲ್ಲರಿ ಅಮ್ಮಿ."

ಇಳಿಹೊತ್ತಿನ ನಮಾಜನ್ನು ಅಂಗಳದಲ್ಲೇ ಮುಗಿಸಿ ಶರೀಫಾಬಿ ಕರಿಬೇವು ಕೊಡಲೆಂದು ಪಕ್ಕದ ಮಹಾನಂದಾಳ ಮನೆಗೆ ಹೋದಾಗ, ಮಧ್ಯಾಹ್ನ ಅತ್ತೆ ಚಾಪೆ ಹಾಸಿದ್ದ ಜಾಗದಲ್ಲಿ ಅಫ್ರೀನ ನೆಲದ ಮೇಲೆ ಕೂತಳು. ತಲೆಯೆತ್ತಿದಳು. ಇಷ್ಟು ದಿನ ಅವಳು ಅದನ್ನು ನಿಂತುಕೊಂಡೇ ನೋಡಿದ್ದಳು. ಕೆಳಗಿನಿಂದ ನೋಡಿದರೆ ಕಪ್ಪು ಗೀಟು ಕತ್ತಾಗಿತ್ತು, ಕೆಂಪು ಜುಟ್ಟಾಗಿತ್ತು, ನಡುವೆ ಒಂದು ಹನಿ ಹಳದಿ ನೇರ ಅವಳನ್ನೇ ದಿಟ್ಟಿಸುತ್ತಿತ್ತು. ಕೋಳಿ! ಅತ್ತೆ ಮೊದಲ ದಿನವೇ ಕಂಡಿದ್ದರು, ಬೆಳ್ಳುಳ್ಳಿ ಸುಲಿಯುತ್ತ.

ಎದ್ದು ಚಿತ್ರವನ್ನು ಕೆಳಗಿಳಿಸಿದಳು. ಅಲಮಾರಿನ ಹಿಂದೆ ಇಟ್ಟುಬಿಡಬೇಕೆಂದು ಎರಡು ಹೆಜ್ಜೆ ಇಟ್ಟವಳು ನಿಂತಳು. ತೆಗೆದರೆ, ತಾನು ಕಂಡದ್ದು ಅತ್ತೆಗೆ ಗೊತ್ತಾಗುತ್ತದೆ. ಅವರು ಹತ್ತಿ ಇಳಿದದ್ದೆಲ್ಲ ದಂಡವಾಗುತ್ತದೆ. ಚಿತ್ರವನ್ನು ಗೋಡೆಗೊರಗಿಸಿ, ಹಳೆಯ ಮೊಳೆಯಿಂದ ಒಂದು ಮೊಳ ಕೆಳಗೆ ಅಳೆದಳು. ಆಮೇಲೆ ಸುತ್ತಿಗೆ ಹುಡುಕಿದಳು.

ಸಂಜೆ ಬಂದ ಜಾವೀದ ಗೋಡೆ ನೋಡಿ ನಕ್ಕ. "ಇಷ್ಟ ಕೆಳಗ ಯಾಕ ಇಳಿಸಿದಿ? ಬೆಕ್ಕು ನೋಡ್ಲಿ ಅಂತನಾ?"

"ಮ್ಯಾಲಿದ್ರ ಕುತ್ತಿಗಿ ನೋಯ್ತದ್ರಿ," ಎಂದಳು ಅಫ್ರೀನ, ಯಾರನ್ನೂ ನೋಡದೆ.

ಶರೀಫಾಬಿ ಗೋಡೆಯ ಹತ್ತಿರ ಬಂದರು. ಕೈ ಚಾಚಿ ಚೌಕಟ್ಟಿನ ಮೇಲಂಚನ್ನು ಮುಟ್ಟಿದರು. ಹಿಮ್ಮಡಿ ಏಳಲಿಲ್ಲ. ಸೊಟ್ಟವಾಗಿರದಿದ್ದ ಚಿತ್ರವನ್ನು ಒಮ್ಮೆ ಸರಿಮಾಡಿದರು.

"ಈಗ ಬರೋಬ್ಬರಿ ಆತು ನೋಡು," ಎಂದರು.

ಸಂಜೆಯ ಅಜಾನ್ ಆಯಿತು. ಜಾವೀದ ಮಸೀದಿಗೆ ಹೋದ. ಚಾಪೆ ಅಂಗಳಕ್ಕೆ ಹೋಗಲಿಲ್ಲ. ಅಫ್ರೀನ ಅಡುಗೆಮನೆಗೆ ಹೋಗಿ, ಸ್ಟೂಲಿನ ಮೇಲೆ ನೀರು ತುಂಬಿದ ಕೊಡ ಎತ್ತಿಟ್ಟಳು. ಬಾಗಿಲಿಗೆ ಬೆನ್ನು ಮಾಡಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ಸದ್ದು ಮಾಡಿಕೊಂಡು ತೊಳೆದಳು.

ಚಹಾ ತೆಗೆದುಕೊಂಡು ಹೊರಬಂದಾಗ ಚಾಪೆ ಸುರುಳಿಯಾಗಿತ್ತು. ದೀಪದ ಬೆಳಕಿನಲ್ಲಿ ನೀಲಿ, ಹಳದಿ ಮೊದಲಿನ ಹಾಗೇ ಇದ್ದವು. ಚೌಕಟ್ಟಿನ ಒಂದು ಮೂಲೆಗೆ ಬಿಳಿ ನೂಲಿನ ಎಳೆಯೊಂದು ಸಿಕ್ಕಿಕೊಂಡು, ಕಿಟಕಿಯ ಗಾಳಿಗೆ ಅಲುಗುತ್ತಿತ್ತು. ಅಫ್ರೀನ ಅದನ್ನು ತೆಗೆಯದೆ, ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು.