ನಾಲ್ಕನೆಯ ಬೋಲ್ಟು

ಭಾವನ ಕಾರು ಹೊರಟು ಹತ್ತು ನಿಮಿಷವಾಗಿತ್ತು. ಕೈ ತೊಳೆಯುವ ಮುಂಚೆ ನನ್ನ ರಿಪೇರಿ ಶೆಡ್ಡಿನ ಬೆಂಚಿನ ಮೇಲಿದ್ದ ಖಾಲಿ ಬೋಲ್ಟಿನ ಪ್ಯಾಕೆಟ್ಟನ್ನು ಕಸಕ್ಕೆ ಹಾಕೋಣವೆಂದು ಎತ್ತಿಕೊಂಡೆ. ಅದು ಖಾಲಿಯಿರಲಿಲ್ಲ. ಒಳಗೆ ಒಂದು ಹೊಸ ಬೋಲ್ಟು ಉಳಿದಿತ್ತು.

ಪ್ಯಾಕೆಟ್ಟನ್ನು ತಲೆಕೆಳಗು ಮಾಡಿ ಅದನ್ನು ಅಂಗೈಗೆ ಬೀಳಿಸಿಕೊಂಡೆ.

ಆ ಕಾರಿನಲ್ಲಿ ಅಮ್ಮ ಇದ್ದಳು. ಗುಡ್ಡದ ಆಚೆಯ ಊರಿನ ಕಣ್ಣಾಸ್ಪತ್ರೆಗೆ ಹನ್ನೊಂದಕ್ಕೆ ಮುಟ್ಟಬೇಕಿತ್ತು. ಅವಳ ಒಂದು ಕಣ್ಣು ಆಗಲೇ ಕೈಕೊಟ್ಟಿದೆ. ಇನ್ನೊಂದರ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿ ಇವತ್ತಿಗೆ ಬಂದಿತ್ತು. ಇನ್ನು ತಡವಾದರೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕ್ಲಚ್ ಜಾರುವ ಗಾಡಿಯಲ್ಲಿ ಅಮ್ಮನನ್ನು ಏರು ಹತ್ತಿಸುವುದು ಬೇಡವೆಂದು ಹಟ ಹಿಡಿದು, ಹೊಸ ಕ್ಲಚ್ ಹಾಕಲು ನಿನ್ನೆ ಗೇರ್‌ಬಾಕ್ಸ್ ಇಳಿಸಿದವನು ನಾನೇ.

ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿಗೆ ಆರು ಬೋಲ್ಟು. ಚಿಕ್ಕಂದಿನಲ್ಲಿ ಅಮ್ಮ ಬಾಯಿಪಾಠ ಮಾಡಿಸಿದ ಷಟ್ಪದಿಗೆ ಆರು ಸಾಲು. ಸಾಲಿಗೊಂದು ಬೋಲ್ಟಿನಂತೆ ಬಾಯಿಬಿಟ್ಟು ಹೇಳಿಕೊಳ್ಳುತ್ತಲೇ ಹೊಸದನ್ನು ಕೂರಿಸುತ್ತೇನೆ. ಈ ಕಸುಬು ಹಿಡಿದಂದಿನಿಂದ ನನ್ನ ಲೆಕ್ಕ ಅದೇ. ಅದಕ್ಕೂ ಮೊದಲು, ಪ್ಲೇಟು ಕೆಳಗೆ ಬೀಳದಂತೆ ನಾಲ್ಕನೆಯ ತೂತಿಗೆ ಹಳೆಯದೊಂದನ್ನು ಬೆರಳಲ್ಲೇ ತಿರುಗಿಸಿ ಸಿಕ್ಕಿಸಿರುತ್ತೇನೆ. ಥ್ರೆಡ್ ಸವೆದದ್ದಾದರೆ ಸಲೀಸಾಗಿ ಹೋಗುತ್ತದೆಂದು ಅಂಥದ್ದನ್ನೇ ಆರಿಸುತ್ತೇನೆ. ನಾಲ್ಕನೆಯ ಸಾಲು ಬಂದಾಗ ಅದನ್ನು ಬಿಚ್ಚಿ ಹೊಸದು ಹಾಕಬೇಕು. ಕೊನೆಗೆ ರೆಂಚಿನಿಂದ ಬಿಗಿಮಾಡುವಾಗ ಪದ್ಯವಿಲ್ಲ, ಮೌನ. ಬಿಗಿ ಸಾಕಾದಾಗ ರೆಂಚು 'ಟಕ್' ಅನ್ನುವುದು ಕಿವಿಗೆ ಬೀಳಬೇಕಲ್ಲ.

ಬೆಳಿಗ್ಗೆ ಮೂರನೆಯ ಸಾಲಿನಲ್ಲಿದ್ದಾಗ ಭಾವ ಬಗ್ಗಿ ನೋಡಿದ್ದ. "ಏನಯ್ಯಾ, ಬೋಲ್ಟಿಗೆ ಮಂತ್ರೋಪದೇಶ ಆಗ್ತಿದೆಯಾ? ಜನಿವಾರ ತರಿಸ್ಲಾ?" ನಾನು ನಕ್ಕಿದ್ದೆ. ಆಮೇಲೆ ಯಾವ ಸಾಲಿನಿಂದ ಹಿಡಿದೆ? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಬಿಚ್ಚಿದ ಬೋಲ್ಟುಗಳನ್ನು ಒಂದು ರಟ್ಟಿಗೆ ವೃತ್ತಾಕಾರವಾಗಿ ಚುಚ್ಚಿಡುವುದು ನನ್ನ ಪದ್ಧತಿ. ರಟ್ಟಿನಲ್ಲಿ ಹಳೆಯವು ಐದೇ ಇದ್ದವು. ಆರನೆಯದು ಉರುಳಿ ಬಿದ್ದಿರಬಹುದೆಂದು ಟಾರ್ಚ್ ಹಿಡಿದು ಬೆಂಚಿನಡಿ ತೆವಳಿದೆ. ಜೇಡರ ಬಲೆ, ಎರಡು ವಾಷರ್, ಕಳೆದ ವರ್ಷ ಕಳೆದುಹೋದ ಸ್ಕ್ರೂಡ್ರೈವರ್ ಸಿಕ್ಕಿದವು. ಬೋಲ್ಟು ಮಾತ್ರ ಇಲ್ಲ. ಅಂಗಡಿಯವನೇ ಏಳು ಹಾಕಿ ಕೊಟ್ಟಿದ್ದರೆ? ಹಾಗಿರಲೆಂದು ಮನಸ್ಸು ಬೇಡಿಕೊಂಡಿತು. ಆದರೆ ರೆಂಚು ಹಿಡಿದಾಗ ಒಂದು 'ಟಕ್' ಸವೆದ ಥ್ರೆಡ್ಡಿನಲ್ಲಿ ಬರುವಂತೆ ಕೊಂಚ ತಡವಾಗಿ ಬಂದಿದ್ದು ಅಂಗೈಗೆ ಚೆನ್ನಾಗಿ ನೆನಪಿತ್ತು.

ಭಾವನಿಗೆ ಏಳು ಸಲ ಫೋನು ಮಾಡಿದೆ, ಎತ್ತಲಿಲ್ಲ. ಅಮ್ಮನ ಫೋನು ಎಂದಿನಂತೆ ಸ್ವಿಚ್ ಆಫ್. ಹೊಸ ಬೋಲ್ಟನ್ನು ಜೇಬಿಗೆ ಹಾಕಿಕೊಂಡು, ಶೆಡ್ಡಿನ ಬಾಗಿಲನ್ನೂ ಎಳೆಯದೆ ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಕಣ್ಣು ರಸ್ತೆಯಂಚಿನಲ್ಲೇ. ನಿಂತ ಪ್ರತಿ ಬಿಳಿ ಕಾರೂ ಭಾವನದೇ ಅನ್ನಿಸುತ್ತಿತ್ತು. ದೇವರೇ, ಏರು ಶುರುವಾಗುವ ಮುಂಚೆ ಸಿಗಲಿ ಎಂದು ಅದೊಂದನ್ನೇ ಬೇಡಿದೆ.

ಗುಡ್ಡದ ಬುಡದ ರೈಲ್ವೆ ಗೇಟು ಹಾಕಿತ್ತು. ಸಾಲಿನಲ್ಲಿ ಆರನೆಯದು ಭಾವನ ಕಾರು.

"ಫೋನ್ ಯಾಕೆ ಎತ್ಲಿಲ್ಲ ಭಾವ?"

"ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡಿ ಅಂತ ನಿನ್ನ ಶೆಡ್ಡಿನಲ್ಲೇ ಬೋರ್ಡಿದೆಯಲ್ಲ ಪುಣ್ಯಾತ್ಮ! ಏನಾಯ್ತು, ಮುಖ ಯಾಕೆ ಹೀಗಿದೆ?"

ಬೋಲ್ಟು ತೋರಿಸಿ ಹೇಳಿದೆ. ಭಾವನ ನಗು ಅರ್ಧಕ್ಕೇ ನಿಂತಿತು. "ಖಂಡಿತಾನಾ, ಅನುಮಾನಾನಾ?"

"ಗೇರ್‌ಬಾಕ್ಸ್ ಇಳಿಸದೆ ಹೇಳೋಕಾಗಲ್ಲ."

"ಬರೀ ಅನುಮಾನಕ್ಕೆ ಇವತ್ತಿನ ದಿನ ಕಳ್ಕೊಳ್ಳೋದಾ? ನಿಧಾನಕ್ಕೆ ಹೋಗ್ತೀನಿ ಬಿಡು. ಅತ್ತೆ ಕಣ್ಣಿನ ವಿಷಯ."

ಅವನು ಹೇಳಿದ್ದು ಸರಿಯೇ ಇತ್ತು. ಏರಿನ ನಡುವೆ ಆ ಬೋಲ್ಟು ಕಿತ್ತು ಬಂದು ಗಾಡಿ ಹಿಂದಕ್ಕೆ ಜಾರಿದರೆ ಎಂಬ ನನ್ನ ಭಯವೂ ಸರಿಯೇ ಇತ್ತು. ದೂರದಲ್ಲಿ ರೈಲು ಕೂಗಿತು.

ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು, "ಯಾವ ಬೋಲ್ಟು ಮಗಾ? ಎಷ್ಟನೇದು?"

"ನಾಲ್ಕನೇದಮ್ಮ, ನಾಲ್ಕನೇ ಸಾಲಿಂದು."

"ಹಾಗಾದ್ರೆ ಅನುಮಾನ ಏನಿಲ್ಲ. ನಾಲ್ಕನೇ ಸಾಲು ನೀನು ಹೇಳಲೇ ಇಲ್ಲ. ಅಳಿಯಂದ್ರು ತಮಾಷೆ ಮಾಡಿದ್ರು, ನೀನು ನಕ್ಕೆ, ಸೀದಾ ಐದನೇದಕ್ಕೆ ಹಾರಿದೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ನಲ್ಲ."

"ಆಗಲೇ ಹೇಳಬಾರದಿತ್ತಾ ಅಮ್ಮಾ!"

"ಪದ್ಯ ಮರೆತ ಅಂದ್ಕೊಂಡೆ ಕಣೋ. ಇಷ್ಟು ದೊಡ್ಡ ಮಗನ್ನ ಅಳಿಯನ ಮುಂದೆ ತಿದ್ದೋದು ಹೇಗೆ? ಮರೆತದ್ದು ಬೋಲ್ಟು ಅಂತ ನಂಗೇನು ಗೊತ್ತು?"

ಭಾವ ಕೀಲಿ ತೆಗೆದು ನನ್ನ ಕೈಗಿಟ್ಟ. ನಾಲ್ಕು ಗಾಡಿ ಹಿಂದೆ ಗುಡ್ಡದಾಚೆಗೆ ಹೋಗುವ ಬಸ್ಸು ನಿಂತಿತ್ತು. ರೈಲಿನ ಸದ್ದಿನೊಳಗೇ ಅಮ್ಮನ ಕೈ ಹಿಡಿದು ಅವನು ಓಡಿದ. "ಮೆಲ್ಲಗೆ ಭಾವ!" ಎಂದು ನಾನು ಕೂಗಿದ್ದು ಯಾರಿಗೂ ಕೇಳಿಸಿರಲಾರದು. ಗೇಟು ಎದ್ದಿತು. ಕಾರನ್ನು ಒಬ್ಬನೇ ಪಕ್ಕಕ್ಕೆ ತಳ್ಳುವಾಗ ಹಿಂದಿನವರೆಲ್ಲ ಹಾರ್ನ್ ಬಾರಿಸಿ ಬಾಯಿಗೆ ಬಂದಂತೆ ಬೈದರು. ಬಸ್ಸು ಮುಂದೆ ಹೋಯಿತು. ಅಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಅಷ್ಟು ದೂರದಿಂದ ನಾನು ಅವಳಿಗೆ ಕಾಣುವಂತಿರಲಿಲ್ಲ, ಆದರೂ ಕೈ ಬೀಸಿದೆ.

ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ತರುವಷ್ಟರಲ್ಲಿ ಹನ್ನೊಂದೂಕಾಲು. ಭಾವನ ಸುದ್ದಿಯಿಲ್ಲ. ಫೋನನ್ನು ನೆಲದ ಮೇಲೆ ತಲೆಯ ಹತ್ತಿರವೇ ಇಟ್ಟುಕೊಂಡು ಗಾಡಿಯ ಅಡಿಗೆ ನುಸುಳಿದೆ. ಒಂದೊಂದು ನಟ್ಟಿಗೂ ಅದನ್ನೊಮ್ಮೆ ನೋಡುವುದು, ಸ್ಪ್ಯಾನರ್ ಕೈಜಾರುವುದು, ಮತ್ತೆ ನೋಡುವುದು.

ಗೇರ್‌ಬಾಕ್ಸ್ ಇಳಿಸಿ ಟಾರ್ಚ್ ಬಿಟ್ಟೆ. ಐದು ಬೋಲ್ಟಿನ ತಲೆಗಳು ಹೊಳೆದವು, ಒಂದು ಕಪ್ಪಗಿತ್ತು. ರೆಂಚು ಕೊಟ್ಟು ಒಮ್ಮೆ ಅಲುಗಿಸಿದ್ದೇ ತಡ, ಬೋಲ್ಟು ಬೆರಳಲ್ಲೇ ಕಳಚಿ ಬಂತು.

ಆಗ ಫೋನು ಬಡಿದುಕೊಂಡಿತು.

"ಡಾಕ್ಟರು ಚೆನ್ನಾಗಿ ಬೈದು, ಕೊನೇ ಸರದಿಗೆ ಹಾಕಿದ್ದಾರೆ," ಎಂದ ಭಾವ. "ಈಗ ಕರೀತಾರಂತೆ. ತಗೋ, ಅತ್ತೆ ಮಾತಾಡ್ತಾರೆ."

"ಹಳೇದು ಅಲ್ಲೇ ಇತ್ತಾ?" ಎಂದಳು ಅಮ್ಮ.

"ಇತ್ತಮ್ಮ."

"ಹೊಸದು ಹಾಕಿದೆಯಾ?"

"ಕೈಯಲ್ಲಿದೆ."

"ಹೇಳು ಮತ್ತೆ."

ಬೆನ್ನಡಿಯ ನೆಲ ತಣ್ಣಗಿತ್ತು. ಬೋಲ್ಟನ್ನು ತೂತಿಗಿಟ್ಟು ತಿರುಗಿಸುತ್ತ ನಾಲ್ಕನೆಯ ಸಾಲನ್ನು ಹೇಳಿದೆ. ಆ ಕಡೆ ಅಮ್ಮ ಕೇಳಿಸಿಕೊಂಡಳು. ಐದನೆಯದಕ್ಕೆ ಬಾಯಿ ತೆರೆದಿದ್ದೆ.

"ಸಾಕು, ಕರೀತಿದ್ದಾರೆ," ಎಂದಳು. "ಉಳಿದದ್ದು ಬಂದ್ಮೇಲೆ ಕೇಳ್ತೀನಿ."