ಅಮಾವಾಸ್ಯೆಯ ಅಪ್‌ಗ್ರೇಡ್

“ಕಿವಿ ಅದಾವೋ ಇಲ್ಲೋ ನಿನಗ? ಮುಟ್ಟಬ್ಯಾಡ ಅಂತ ಹೇಳೇ ಹೋಗಿದ್ನಿ!” ರೋಹಿಣಿ ಹೂವಿನ ಪೊಟ್ಟಣವನ್ನು ಟೇಬಲ್ಲಿನ ಮೇಲೆ ಒಗೆದಳು.

“ಅಮಾಸಿ ದಿನ ಮಷೀನ್ ಚಾಲೂ ಇಟ್ಟು ಪೂಜಿ ಮಾಡ್ಲೇನು? ಬಾಯಿ ಸಣ್ಣದು ಮಾಡು, ಬಾಜೂದವ್ರು ಕೇಳ್ತಾರ.”

“ಕೇಳ್ಲಿ! ಅಪ್‌ಗ್ರೇಡ್ ಅರ್ಧಕ್ಕ ಬಂದಾಗ ಬಟನ್ ಹಿಚುಕಿ ಬಂದ್ ಮಾಡೀದಿ. ಮ್ಯಾಲೆ ವಿಭೂತಿ ಬ್ಯಾರೆ ಬಳದೀದಿ!”

ರೋಹಿಣಿ ನನ್ನ ತಂಗಿ. ಕುಂದಗೋಳದಲ್ಲಿ ಇಬ್ಬರೂ ಕೂಡಿ ಪ್ರಿಂಟಿಂಗ್ ಅಂಗಡಿ ನಡೆಸುತ್ತಿದ್ದೆವು. ಲ್ಯಾಪ್‌ಟಾಪ್ ಒಂದೇ, ಒಳಗೆ ಎರಡು ಸಂಸಾರ. ಚಾಲೂ ಮಾಡಿದ ಕೂಡಲೇ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳುತ್ತಿತ್ತು. ವಿಂಡೋಸಿನಲ್ಲಿ ನನ್ನ ಲಗ್ನಪತ್ರಿಕೆಗಳು. ಲಿನಕ್ಸಿನಲ್ಲಿ ಅವಳ ಕಸೂತಿ. ಮುದುಕಿಯರ ಹಳೆಯ ಇಳಕಲ್ ಸೀರೆಗಳನ್ನು ಮುಂದಿಟ್ಟುಕೊಂಡು, ಎಳೆ ಎಣಿಸಿ, ಆನೆ, ನವಿಲು, ಗೋಪುರಗಳನ್ನು ಚೌಕಳಿ ಚೌಕಳಿಯಾಗಿ ಪರದೆಗೆ ಇಳಿಸುತ್ತಿದ್ದಳು. ಎರಡು ವರ್ಷದಿಂದ ಇದೇ ಹುಚ್ಚು.

ಅಮಾವಾಸ್ಯೆಗೆ ಅಂಗಡಿಯ ಎಲ್ಲ ಯಂತ್ರಗಳನ್ನೂ ಆರಿಸಿ, ಒರೆಸಿ, ವಿಭೂತಿ ಹಚ್ಚಿ ಕಾಯಿ ಒಡೆಯುವುದು ನಮ್ಮಪ್ಪನ ಕಾಲದಿಂದ ಬಂದದ್ದು. ಅಂಥ ದಿನವೇ ಅವಳು ಲಿನಕ್ಸನ್ನು ಅಪ್‌ಗ್ರೇಡಿಗೆ ಹಚ್ಚಿ ಹೂವು ತರಲು ಹೋಗಿದ್ದಳು. ಮುಟ್ಟಬೇಡ ಎಂದದ್ದು ನನಗೆ ಕೇಳಿಸಿತ್ತು. ಪೂಜೆಗಿಂತ ಅವಳ ಅಪ್‌ಗ್ರೇಡ್ ದೊಡ್ಡದೇ? ಆರಿಸಿದೆ. ಪೂಜೆ ಮುಗಿಸಿ ಚಾಲೂ ಮಾಡಿದರೆ ಕರಿ ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಪಕ್ಕದ ರಿಪೇರಿ ಅಂಗಡಿಯ ಯಾಕೂಬಸಾಬನನ್ನು ಕೂಗಿದೆ. ಅವನು ಬಂದು ಬಗ್ಗಿ ನೋಡಿದ.

“ಏನೂ ಹೋಗಿಲ್ರಿ ಈರಪ್ಪಣ್ಣಾ. ಬಾಗಲಾ ಅಷ್ಟ ಮುರದೈತಿ, ಒಳಗಿನ ಸಾಮಾನು ಇದ್ದಂಗ ಐತಿ. ಸಂಜಿತನಕ ಕುಂತ್ರ ಅಕ್ಕಾರ ಎರಡೂ ಎಬ್ಬಸ್ತಾರ.”

“ಸಂಜಿತನಕ? ಕುಬಿಹಾಳದ ದಿನಕರ ಮಧ್ಯಾಹ್ನಕ್ಕ ಪತ್ರಿಕಿ ಒಯ್ಯಾಕ ಬರ್ತಾನ. ಲಗೂನ ಆಗೂ ದಾರಿ ಹೇಳು.”

“ಲಗೂ ಅಂದ್ರ, ಡಿ ಡ್ರೈವ್ ಒಂದ ಬಿಟ್ಟು ಉಳದದ್ದೆಲ್ಲಾ ಅಳಿಸಿ ಹೊಸಾ ವಿಂಡೋಸ್ ಹಾಕ್ಬೇಕ್ರಿ. ನಿಮ್ಮ ಪತ್ರಿಕಿ ಡಿ ಒಳಗ ಉಳಿತಾವ. ಅಕ್ಕಾರದು ಪೂರಾ ಹೋಗ್ತೈತಿ.”

“ಹಾಕು.”

“ಅಣ್ಣಾ, ನನ್ನ ಕಸೂತಿ ಎಲ್ಲಾ ಅದರಾಗ ಅದಾವ.”

“ಬ್ಯಾರೆ ಕಡೆ ಒಂದು ಕಾಪಿ ಇಟ್ಕೋಬೇಕಿಲ್ಲ?”

“ಇಟ್ಟಿದ್ದೆ! ನನ್ನ ಪೆನ್‌ಡ್ರೈವ್ ಅಳಿಸಿ, ಅದರಾಗ ಪತ್ರಿಕಿ ತುಂಬಿ ತಿರ್ಲಾಪುರದವ್ರಿಗೆ ಕೊಟ್ಟವ್ರು ಯಾರು?”

“ಗಿರಾಕಿ ಬಾಗಲ್ದಾಗ ನಿಂತಿದ್ರು. ದಾರಾ ಎಣಸೂ ಆಟಕ್ಕ ಗಿರಾಕಿ ಬಿಡ್ಲೇನು?”

“ಆಟಾ? ಆ ಮುದಕೇರೊಳಗ ಇಬ್ಬರು ಸತ್ತಾರ. ಅವರ ಸೀರಿ ಅವರ ಜೋಡೀನ ಮಣ್ಣಿಗೆ ಹೋದುವು. ಮತ್ತ ಎಲ್ಲಿಂದ ಎಣಿಸ್ಲಿ?”

ಯಾಕೂಬ ತನ್ನ ಪೆನ್‌ಡ್ರೈವ್ ಸಿಕ್ಕಿಸಿ ಅಳಿಸುವ ಪುಟದವರೆಗೆ ಬಂದು ನಿಂತ.

“ಇದನ್ನ ಅಳಿಸಿದ್ರ ನಾ ಈ ಅಂಗಡಿ ಹೊಸ್ತಿಲಾ ತುಳ್ಯಾಂಗಿಲ್ಲ, ಅಣ್ಣಾ,” ಎಂದಳು ರೋಹಿಣಿ. ಈಗ ಒದರಲಿಲ್ಲ.

“ನನಗ ಹೆದರಸ್ತೀ? ಒತ್ತೋ ಯಾಕೂಬ.”

ಯಾಕೂಬ ಕೈ ಹಿಂದೆ ತೆಗೆದುಕೊಂಡ. “ನನ್ನ ಕೈಲೆ ಆಗೂದಿಲ್ರಿ. ಒತ್ತೂದಾದ್ರ ನೀವ ಒತ್ರಿ.”

ನಾನೇ ಒತ್ತಿದೆ.

ಎಷ್ಟೋ ಹೊತ್ತು ಆಗಬಹುದು ಎಂದುಕೊಂಡಿದ್ದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವಳ ಭಾಗ ಇದ್ದ ಕಡೆ ‘ಖಾಲಿ ಜಾಗ’ ಎಂದು ಬಂತು. ರೋಹಿಣಿ ಅದನ್ನು ಓದಿದಳು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

“ಹೋಗಿ ಕರೀರಿ ಅಣ್ಣಾ,” ಎಂದ ಯಾಕೂಬ.

“ಬರ್ತಾಳ ಬಿಡು, ಹೊಟ್ಟಿ ಹಸದ್ರ.”

ಬರಲಿಲ್ಲ.